ಬುರುಡೆಯೊಳಗಿನ ಒತ್ತಡ

ಹಸುಗೂಸಿನ ನೆತ್ತಿಗೆ ಎಣ್ಣೆಯಿಡುವ ನಮ್ಮ ಹೆಂಗಸರಿಗೆ ಒಂದು ಸಂಗತಿ ವೈದ್ಯಗ್ರಂಥದ ನೆರವಿಲ್ಲದೆಯೇ ತಿಳಿದಿದೆ. ಭೇದಿಯಿಂದ ಸೊರಗಿದ ಮಗುವಿನ ನೆತ್ತಿ ಕುಳಿಬೀಳುತ್ತದೆ, ಅತ್ತಾಗ ಉಬ್ಬುತ್ತದೆ, ಸುಮ್ಮನಿದ್ದಾಗಲೂ ಉಬ್ಬಿಯೇ ಇದ್ದರೆ ಅವರಿಗೆ ದಿಗಿಲು. ಬುರುಡೆಯೊಳಗಿನ ಒತ್ತಡವನ್ನು ಬೆರಳಿನಿಂದಲೇ ಅರಿಯುವ ಈ ಅವಕಾಶ ಮಗುವಿಗೆ ಒಂದೂವರೆ ವರ್ಷವಾಗುವ ವೇಳೆಗೆ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಬುರುಡೆ ಮುಚ್ಚಿದ ಪೆಟ್ಟಿಗೆ.

1968ರ ಬೇಸಿಗೆಯಲ್ಲಿ, ಚನ್ನರಾಯಪಟ್ಟಣದ ಸಮೀಪದ ಊರೊಂದರಲ್ಲಿ, ನಮ್ಮ ಸೋದರಮಾವನವರು ಕಾಯಿ ಕೆಡವಲು ಹತ್ತಿದ ತೆಂಗಿನ ಮರದಿಂದ ಬಿದ್ದರು. ಎದ್ದು ಕುಳಿತು ಎಳನೀರು ಕುಡಿದರು. ಕಾಯನ್ನು ಎಲ್ಲಿ ರಾಶಿ ಹಾಕಬೇಕೆಂದು ಆಳುಗಳಿಗೆ ಹೇಳಿದರು. ಆಮೇಲೆ, ತಲೆ ಭಾರವಾಗಿದೆ, ಸ್ವಲ್ಪ ಮಲಗುತ್ತೇನೆ ಎಂದರು. ನಿದ್ದೆ ಕೆಡದಿರಲೆಂದು ಕೋಣೆಯ ಬಾಗಿಲನ್ನು ಮುಂದಕ್ಕೆಳೆದವನು ನಾನು. ಸಂಜೆ ಗೊರಕೆಯ ಸದ್ದು ಬದಲಾಗಿತ್ತು; ಕೂಗಿ ಕರೆದರೂ ಎಚ್ಚರವಾಗಲಿಲ್ಲ. ಬಾಡಿಗೆಯ ಕಾರಿನಲ್ಲಿ ಹಾಸನಕ್ಕೆ ಒಯ್ದೆವು. ಬೆಳಗಾಗುವುದರೊಳಗೆ ತೀರಿಕೊಂಡರು.

ಎಳನೀರು ಕುಡಿದು ಮಾತಾಡಿದ ಮನುಷ್ಯ ಕೆಲವೇ ಗಂಟೆಗಳಲ್ಲಿ ಹೀಗಾದದ್ದು ಹೇಗೆಂಬ ಪ್ರಶ್ನೆ ನನ್ನನ್ನು ಬಹುಕಾಲ ಬಿಡಲಿಲ್ಲ. ಉತ್ತರದ ಮೊದಲ ಎಳೆ ಹಳೆಯದು. ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋ 1783ರಲ್ಲಿಯೂ ಅವರ ಶಿಷ್ಯ ಜಾರ್ಜ್ ಕೆಲ್ಲಿ 1824ರಲ್ಲಿಯೂ ಬುರುಡೆಯ ಒಳಗಿನ ಗಾತ್ರ ಹೆಚ್ಚುಕಡಿಮೆಯಾಗದೆಂದು ವಾದಿಸಿದರು. ಮಿದುಳನ್ನು ಸುತ್ತಿರುವ ದ್ರವದ ಲೆಕ್ಕವನ್ನು ಆಮೇಲಿನವರು ಸೇರಿಸಿದರು. ಒಳಗೆ ರಕ್ತ ಸೋರತೊಡಗಿದರೆ ಮೊದಲು ಈ ದ್ರವವೂ ರಕ್ತನಾಳಗಳಲ್ಲಿನ ಒಂದಿಷ್ಟು ರಕ್ತವೂ ಸರಿದು ಎಡೆ ಬಿಡುತ್ತವೆ. ಅಷ್ಟು ಹೊತ್ತು ರೋಗಿ ಮಾತಾಡಿಯಾನು. ಎಡೆ ಮುಗಿದ ಮೇಲೆ ಬರುವ ಒಂದೊಂದು ಚಮಚೆ ರಕ್ತಕ್ಕೂ ಒತ್ತಡ ಜಿಗಿದೇರುತ್ತದೆ. ಬಾಗಿಲನ್ನು ಮುಂದೆ ಮಾಡಿದ ಆ ಗಳಿಗೆ ಯಾವುದೆಂದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ಒತ್ತಡವನ್ನು ಅಳೆಯುವುದು ಬೇರೆಯೇ ಮಾತು. 1891ರಲ್ಲಿ ಜರ್ಮನಿಯ ಕ್ವಿಂಕೆ ಸೊಂಟದ ಬಳಿ ಬೆನ್ನೆಲುಬುಗಳ ನಡುವೆ ಸೂಜಿಯಿಳಿಸಿ ದ್ರವದ ಒತ್ತಡವನ್ನು ಅಳೆದರು. ಆದರೆ ಮಿದುಳು ಊದಿರುವಾಗ ಕೆಳಗಿನಿಂದ ದ್ರವ ತೆಗೆದರೆ ಮಿದುಳೇ ಕೆಳಕ್ಕೆ ಜಾರುವ ಅಪಾಯವಿದೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬರ್ನ್ ನಗರದಲ್ಲಿ ಪ್ರಯೋಗ ನಡೆಸಿದ ಹಾರ್ವೆ ಕುಷಿಂಗ್, ಬುರುಡೆಯೊಳಗೆ ಒತ್ತಡವೇರಿದಂತೆ ರಕ್ತದೊತ್ತಡ ಏರುವುದನ್ನೂ ನಾಡಿ ನಿಧಾನವಾಗುವುದನ್ನೂ ತೋರಿಸಿದರು. ದೊಡ್ಡ ಶೋಧವೇ. ಆದರೆ ಈ ಲಕ್ಷಣ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಫ್ರಾನ್ಸಿನಲ್ಲಿ 1951ರಲ್ಲಿ ಗಿಯೋಮ್ ಮತ್ತು ಜಾನಿ ಹಾಕಿದ ದಾರಿಯನ್ನು ಸ್ವೀಡನ್ನಿನ ಲುಂಡ್ ಪಟ್ಟಣದ ನಿಲ್ಸ್ ಲುಂಡ್‌ಬರ್ಗ್ ಹೆದ್ದಾರಿ ಮಾಡಿದರು. ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಮಿದುಳಿನೊಳಗಿನ ದ್ರವದ ಕುಹರಕ್ಕೆ ತೆಳುನಳಿಕೆಯಿಳಿಸಿ, ಒತ್ತಡವು ಕಾಗದದ ಮೇಲೆ ಎಡೆಬಿಡದೆ ದಾಖಲಾಗುವಂತೆ ಮಾಡಿದರು. 143 ರೋಗಿಗಳ ವೃತ್ತಾಂತ 1960ರಲ್ಲಿ ಪ್ರಕಟವಾಯಿತು. ಸಾಮಾನ್ಯವಾಗಿ ಪಾದರಸದ 15 ಮಿಲಿಮೀಟರಿನೊಳಗೆ ಇರಬೇಕಾದ ಒತ್ತಡ, ಕೆಲವರಲ್ಲಿ 50ನ್ನೂ ಮೀರಿ ಏರಿ, ಹತ್ತಿಪ್ಪತ್ತು ನಿಮಿಷ ನಿಂತು ಇಳಿಯುತ್ತಿತ್ತು. ಹೊರಗಿನ ಲಕ್ಷಣಗಳಿಂದ ಇದನ್ನು ನೆಚ್ಚಿ ಹೇಳುವಂತಿರಲಿಲ್ಲ. 1965ರಲ್ಲಿ ಲುಂಡ್‌ಬರ್ಗರೂ ಅವರ ಜೊತೆಗಾರರೂ ತೀವ್ರವಾದ ತಲೆಪೆಟ್ಟಿನ ರೋಗಿಗಳಲ್ಲಿಯೂ ಇದೇ ಕ್ರಮವನ್ನು ಅನುಸರಿಸಿದ್ದನ್ನು ವರದಿ ಮಾಡಿದರು.

ನಮ್ಮಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ನರಶಸ್ತ್ರವೈದ್ಯರಾದ ಡಾ. ಆರ್. ಎಂ. ವರ್ಮ ಅದರ ಮೊದಲ ನಿರ್ದೇಶಕರು. ಅದೇ ವರ್ಷ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್, ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ, ಈ ಮೂರರಿಂದ ಪ್ರಜ್ಞೆಯನ್ನು ಎಣಿಸುವ ಅಳತೆಗೋಲನ್ನು ಕೊಟ್ಟರು. ಇಂದಿನ ಎಣಿಕೆಯಲ್ಲಿ ಪೂರ್ಣ ಎಚ್ಚರಕ್ಕೆ 15 ಅಂಕ. 8 ಅಥವಾ ಅದಕ್ಕೂ ಕಡಿಮೆಯಾದರೆ ಪೆಟ್ಟು ತೀವ್ರ. ಇದಕ್ಕೆ ಯಂತ್ರ ಬೇಡ. ನನ್ನ ಮಟ್ಟಿಗೆ ಇದು ನಳಿಕೆಗಿಂತ ಸಣ್ಣ ಸಂಗತಿಯಲ್ಲ.

ನಳಿಕೆಯಿಲ್ಲದೆ ರೋಗಿಯನ್ನು ಕಾಯಬಹುದೇ? ಬೊಲಿವಿಯ ಮತ್ತು ಈಕ್ವೆಡಾರ್ ದೇಶಗಳಲ್ಲಿ 324 ರೋಗಿಗಳನ್ನು ಎರಡು ಗುಂಪು ಮಾಡಿ, ರ್‍ಯಾಂಡಲ್ ಚೆಸ್‌ನಟ್ ಮತ್ತು ಸಂಗಡಿಗರು 2012ರಲ್ಲಿ ಉತ್ತರವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಒತ್ತಡಮಾಪನ. ಇನ್ನೊಂದಕ್ಕೆ ಸ್ಕ್ಯಾನ್ ಚಿತ್ರಗಳು ಮತ್ತು ಮತ್ತೆಮತ್ತೆ ನಡೆಸುವ ಪರೀಕ್ಷೆ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ಸತ್ತವರು ನೂರಕ್ಕೆ 39, ಎರಡನೆಯದರಲ್ಲಿ 41, ಹೇಳಿಕೊಳ್ಳುವ ವ್ಯತ್ಯಾಸವಲ್ಲ. ಅಳತೆಯೇ ವ್ಯರ್ಥವೆಂದು ಇದನ್ನು ಓದಿದವರು ಅವಸರಪಟ್ಟರು. ಎರಡನೆಯ ಗುಂಪನ್ನು ಯಾರೂ ಸುಮ್ಮನೆ ಮಲಗಿಸಿರಲಿಲ್ಲ. ನಿಯಮವಿಟ್ಟು ನೋಡುತ್ತಿದ್ದರು, ಊತಕ್ಕೆ ಔಷಧ ಕೊಡುತ್ತಿದ್ದರು.

ಹಾಸನದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. 2008ರಿಂದ 108ರ ಆಂಬ್ಯುಲೆನ್ಸೂ ಇದೆ. ಆದರೂ ಅರಕಲಗೂಡಿನ ಹಳ್ಳಿಯಿಂದಲೋ ಹೊಳೆನರಸೀಪುರದ ಹೇಮಾವತಿ ದಂಡೆಯಿಂದಲೋ ಹೊರಟ ಗಾಯಾಳುವಿಗೆ ದಾರಿ ದಾರಿಯೇ. ಆ ದಾರಿಯಲ್ಲಿ ಉಸಿರು ಕಟ್ಟಿದರೆ, ರಕ್ತದೊತ್ತಡ ಕುಸಿದರೆ ಸಾವಿನ ಸಂಭವ ಬಹಳ ಹೆಚ್ಚುತ್ತದೆಂದು ಇದೇ ಚೆಸ್‌ನಟ್ 1993ರಲ್ಲಿ ತೋರಿಸಿದ್ದರು.

ಅಂದು ರಾತ್ರಿ ಹಾಸನದಲ್ಲಿ ವೈದ್ಯರು ಮಾವನವರ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಒಂದು ಪಾಪೆ ಹಿಗ್ಗಿಹೋಗಿತ್ತು. ಇವರು ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿದರು. ಗಡಿಯಾರ ನೋಡಿಕೊಂಡಿರಲಿಲ್ಲ, ಎಳನೀರು ಕುಡಿದ ಮೇಲೆ ಎಂದೆ.