ಪಾರ್ಸೆಲ್‌ನಲ್ಲಿ ಬಂದ ಆರ್ಕಿಡ್ ಬಾಡಿದೆಯಾ? ಎಸೆಯುವ ಮುನ್ನ ಇಷ್ಟು ಮಾಡಿ ನೋಡಿ

ಸಾಗರ: ಆನ್‌ಲೈನ್‌ನಲ್ಲಿ ಗಿಡ ತರಿಸೋದು ಈಗ ತಾಲ್ಲೂಕು ಕೇಂದ್ರಗಳಲ್ಲೂ ಮಾಮೂಲಿ ಆಗಿದೆ. ಕಾಲಿಂಪಾಂಗ್, ಪುಣೆ, ಕೇರಳದ ಕಡೆಯ ನರ್ಸರಿಗಳಿಂದ ಹೊರಟ ಆರ್ಕಿಡ್ ನಾಲ್ಕೈದು ದಿನ, ಕೆಲವೊಮ್ಮೆ ವಾರಪೂರ್ತಿ ರಟ್ಟಿನ ಡಬ್ಬದ ಕತ್ತಲಲ್ಲಿ ಕಳೆದು ಮನೆ ಬಾಗಿಲಿಗೆ ಬರುತ್ತದೆ. ಡಬ್ಬ ತೆಗೆದರೆ ಎಲೆ ಸುಕ್ಕು, ಮೊಗ್ಗು ಉದುರಿದೆ, ಬೇರು ಒಣಗಿದೆ. ನೂರಾರು ರೂಪಾಯಿ ಕೊಟ್ಟವರಿಗೆ ಹೊಟ್ಟೆ ಉರಿಯೋದು ಸಹಜ.

ಆದರೆ ಇಂಥ ಬಹಳಷ್ಟು ಗಿಡಗಳಿಗೆ ಇನ್ನೂ ಜೀವ ಇರುತ್ತದೆ. ದಾರಿಯಲ್ಲಿ ಬದುಕಿ ಬಂದ ಗಿಡವನ್ನು ಮನೆಯವರು ಬಕೆಟ್‌ಗಟ್ಟಲೆ ನೀರು, ಗೊಬ್ಬರ, ಬಿಸಿಲು ಒಟ್ಟಿಗೇ ಕೊಟ್ಟು ಕೊಲ್ಲುವುದೇ ಹೆಚ್ಚು. ದಣಿದು ಬಂದ ಆರ್ಕಿಡ್‌ಗೆ ಮೊದಲು ಬೇಕಿರೋದು ನೆರಳು, ಗಾಳಿ ಮತ್ತು ತಾಳ್ಮೆ.

ಇದು ಮಣ್ಣಿನ ಗಿಡ ಅಲ್ಲ

ಮಲೆನಾಡಿನವರಿಗೆ ಆರ್ಕಿಡ್ ಹೊಸದೇನಲ್ಲ. ಮುಂಗಾರು ಶುರುವಾಗುವ ಹೊತ್ತಿಗೆ ಹಲಸು, ಮಾವಿನ ಕೊಂಬೆಗಳಿಂದ ಗುಲಾಬಿ ಚುಕ್ಕೆಯ ಗೊನೆ ಇಳಿಬಿಡುವ ಸೀತಾಳೆ ದಂಡೆ ಕೂಡ ಆರ್ಕಿಡ್ಡೇ. ಅದು ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಕೊಂಬೆಯನ್ನು ಹಿಡಿದುಕೊಂಡು ಕೂತಿರುತ್ತದೆ ಅಷ್ಟೇ. ಮಳೆ ಬಂದಾಗ ಬೇರು ನೆನೆಯುತ್ತದೆ, ಮಳೆ ನಿಂತ ಮೇಲೆ ಗಾಳಿಗೆ ಒಣಗುತ್ತದೆ.

ಅಂಗಡಿಯಲ್ಲಿ ಸಿಗುವ ಫೆಲನಾಪ್ಸಿಸ್, ಡೆಂಡ್ರೋಬಿಯಂ, ವಾಂಡಾ, ಕ್ಯಾಟ್ಲಿಯಾ ಕೂಡ ಹೆಚ್ಚಾಗಿ ಮರದ ಮೇಲೆ ಬೆಳೆಯುವ ಜಾತಿಯವೇ. ಇವುಗಳ ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಪದರ ಇರುತ್ತದೆ. ಒಣಗಿದಾಗ ಬೆಳ್ಳಿ ಬಣ್ಣ, ನೀರು ಕುಡಿದಾಗ ಹಸಿರು. ಈ ಪದರ ಸದಾ ಒದ್ದೆಯಾಗಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಹಾಗಾಗಿ ಇವುಗಳನ್ನು ತೋಟದ ಮಣ್ಣಿಗೆ ನೆಡಲೇಬಾರದು.

ಡಬ್ಬ ತೆರೆದ ದಿನ ಏನು ಮಾಡಬೇಕು?

ಮೊದಲು ಮೊಬೈಲ್ ತೆಗೆದು ಡಬ್ಬ ಬಿಚ್ಚುವ ವಿಡಿಯೋ ಮಾಡಿಕೊಳ್ಳಿ. ಗಿಡ ಮುರಿದಿದ್ದರೆ, ಕೊಳೆತಿದ್ದರೆ ಕಳಿಸಿದವರನ್ನು ಕೇಳಲು ಇದೇ ಸಾಕ್ಷಿ.

ಆಮೇಲೆ ಸುತ್ತಿದ ಕಾಗದ, ಹತ್ತಿ, ಪ್ಲಾಸ್ಟಿಕ್ ಎಲ್ಲಾ ನಿಧಾನಕ್ಕೆ ಬಿಚ್ಚಿ. ಗಿಡವನ್ನು ನೇರ ಬಿಸಿಲಿಗೆ ಇಡಬೇಡಿ. ವಾರ ಕತ್ತಲಲ್ಲಿದ್ದ ಎಲೆಗೆ ಒಂದೇ ಮಧ್ಯಾಹ್ನದ ಬಿಸಿಲು ಸುಟ್ಟ ಕಲೆ ಮಾಡಬಲ್ಲದು. ಜಗಲಿಯ ಮೂಲೆ, ಪೂರ್ವದ ಕಿಟಕಿ ಪಕ್ಕ, ಸೂರಿನ ಅಡಿ, ಗಾಳಿ ಆಡುವ ಇಂಥ ಜಾಗ ಸಾಕು.

ಮನೆಯಲ್ಲಿ ಬೇರೆ ಆರ್ಕಿಡ್ ಇದ್ದರೆ ಹೊಸದನ್ನು ಎರಡು ಮೂರು ವಾರ ದೂರ ಇಡಿ. ಎಲೆಯ ಅಡಿ, ಕಂಕುಳ ಭಾಗದಲ್ಲಿ ಹಿಟ್ಟು ತಿಗಣೆ, ಶಲ್ಕ ಕೀಟ ಅಡಗಿರಬಹುದು. ಹತ್ತಿಯನ್ನು ಸೋಪಿನ ನೀರಲ್ಲಿ ಅದ್ದಿ ಒರೆಸಿದರೆ ಶುರುವಿನಲ್ಲೇ ಹತೋಟಿಗೆ ಬರುತ್ತದೆ.

ಸುಕ್ಕಾದ ಎಲೆ ಕಂಡ ಕೂಡಲೇ ನೀರು ಸುರಿಯಬೇಡಿ

ಇಲ್ಲೇ ಎಲ್ಲರೂ ಎಡವೋದು. ಎಲೆ ಸುಕ್ಕಾದರೆ ಗಿಡದೊಳಗೆ ನೀರಿಲ್ಲ ಅಂತ ಅರ್ಥ, ನಿಜ. ಆದರೆ ಕಾರಣ ಎರಡಿರಬಹುದು. ಒಂದು, ನೀರೇ ಸಿಕ್ಕಿಲ್ಲ. ಇನ್ನೊಂದು, ನೀರು ಜಾಸ್ತಿಯಾಗಿ ಬೇರು ಕೊಳೆತು, ಕುಡಿಯುವ ಬಾಯೇ ಇಲ್ಲ. ಎಲೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಗೊತ್ತಾಗೋದು ಬೇರು ಮುಟ್ಟಿ ನೋಡಿದಾಗ ಮಾತ್ರ.

- ಬೇರು ಗಟ್ಟಿ, ಬಿಳಿ ಅಥವಾ ಹಸಿರು: ಜೀವ ಇದೆ.
- ಗಟ್ಟಿ ಇದೆ ಆದರೆ ಕಂದು ಬಣ್ಣ: ಇದ್ದಿಲು, ಸಿಪ್ಪೆಯ ಬಣ್ಣ ಹತ್ತಿರಬಹುದು. ಕತ್ತರಿಸಬೇಡಿ.
- ಹಿಚುಕಿದರೆ ಮೆತ್ತಗೆ, ನೀರು ಒಸರುತ್ತದೆ, ವಾಸನೆ ಬರುತ್ತದೆ: ಕೊಳೆತಿದೆ.
- ಒಳಗೆ ಟೊಳ್ಳು, ದಾರದ ಎಳೆ ಮಾತ್ರ ಉಳಿದಿದೆ: ಸತ್ತಿದೆ.

ಬೇರು ಚೆನ್ನಾಗಿದ್ದು ಬರೀ ಒಣಗಿದ್ದರೆ 15 ರಿಂದ 20 ನಿಮಿಷ ಸಾದಾ ನೀರಲ್ಲಿ ಬೇರನ್ನಷ್ಟೇ ಮುಳುಗಿಸಿ. ಹಸಿರಾದ ಮೇಲೆ ತೆಗೆದು ನೆರಳಲ್ಲಿ ನೀರು ಸೋರಲು ಬಿಡಿ. ಸುಳಿಯಲ್ಲಿ ನೀರು ನಿಂತರೆ ಹತ್ತಿ ಅಥವಾ ಟಿಶ್ಯೂ ಕಾಗದದಿಂದ ತೆಗೆಯಿರಿ. ಫೆಲನಾಪ್ಸಿಸ್‌ಗೆ ಸುಳಿ ಇರೋದು ಒಂದೇ, ಅದು ಕೊಳೆತರೆ ಗಿಡ ಉಳಿಯೋದು ಅಪರೂಪ.

ಕುಂಡ ಬದಲಿಸೋದು ಯಾವಾಗ?

ಬಂದ ದಿನವೇ ಕುಂಡ ಬದಲಿಸಬೇಕು ಅನ್ನೋ ನಿಯಮ ಇಲ್ಲ. ಪ್ರಯಾಣವೇ ಒಂದು ಪೆಟ್ಟು, ಬೇರು ಕೆದಕೋದು ಇನ್ನೊಂದು. ಕುಂಡದೊಳಗಿನ ತುಂಡುಗಳು ಗಟ್ಟಿ ಇದ್ದು ವಾಸನೆ ಇಲ್ಲದಿದ್ದರೆ ಹೂ ಮುಗಿಯುವ ತನಕ ಹಾಗೇ ಬಿಡಿ.

ತಕ್ಷಣ ಬದಲಿಸಬೇಕಾದ್ದು ಮೂರು ಸಂದರ್ಭದಲ್ಲಿ. ಗಿಡ ಬರಿಬೇರಲ್ಲಿ ಬಂದಿದ್ದರೆ, ಕುಂಡದಿಂದ ಕೊಳೆತ ವಾಸನೆ ಬಂದರೆ, ಬೇರಿನ ನಡುವೆ ಪಾಚಿಯ ಗಟ್ಟಿ ಉಂಡೆ ತೊಯ್ದು ತೊಪ್ಪೆಯಾಗಿ ಕೂತಿದ್ದರೆ. ನರ್ಸರಿಯವರು ಸಣ್ಣ ಸಸಿಗೆ ಸುತ್ತಿದ ಈ ಪಾಚಿ ಉಂಡೆ ಮೇಲಿಂದ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಒದ್ದೆ ಇರುತ್ತದೆ.

ಕತ್ತರಿಸುವ ಬ್ಲೇಡನ್ನು ಬೆಂಕಿಗೆ ಹಿಡಿದು ಕಾಯಿಸಿ, ಆರಿದ ಮೇಲೆ ಬಳಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಕಾಯಿಸಿ. ಸತ್ತ, ಕೊಳೆತ ಬೇರನ್ನಷ್ಟೇ ತೆಗೆಯಿರಿ. ದಾಲ್ಚಿನ್ನಿ ಪುಡಿ ಹಚ್ಚುವ ರೂಢಿ ಇದೆ. ಎಲೆ, ದಂಟಿನ ಗಾಯಕ್ಕೆ ಚಿಟಿಕೆ ಹಚ್ಚಬಹುದು. ಬೇರಿಗೆ ಬೇಡ, ಅದು ಒಳ್ಳೆ ಬೇರನ್ನೂ ಒಣಗಿಸುತ್ತದೆ.

ಕುಂಡಕ್ಕೆ ಏನು ತುಂಬಬೇಕು?

ಬೇಕಾದ್ದೆಲ್ಲ ಊರಲ್ಲೇ ಸಿಗುತ್ತದೆ. ಹೆಬ್ಬೆರಳಿನ ಗಾತ್ರದ ಕಟ್ಟಿಗೆ ಇದ್ದಿಲು, ಇಟ್ಟಿಗೆ ಅಥವಾ ಹಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು. ಸಿಪ್ಪೆಯನ್ನು ಎರಡು ಮೂರು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ ಉಪ್ಪು, ಕಂದು ರಸ ತೆಗೆಯಬೇಕು. ಇದ್ದಿಲನ್ನು ತೊಳೆದು ಪುಡಿ ಬಿಟ್ಟು ತುಂಡು ಮಾತ್ರ ಹಾಕಬೇಕು. ನಮ್ಮ ಕಡೆಯ ಮಳೆಗಾಲಕ್ಕೆ ಸಿಪ್ಪೆ ಕಮ್ಮಿ, ಇದ್ದಿಲು ಜಾಸ್ತಿ ಇರಲಿ. ಪುಡಿಯಾದ ಕೊಕೊಪೀಟ್ ಬೇಡವೇ ಬೇಡ.

ಕುಂಡ ಬೇರು ಹಿಡಿಸುವಷ್ಟೇ ದೊಡ್ಡದಿರಲಿ. ದೊಡ್ಡ ಕುಂಡ ಒಣಗೋದು ತಡ, ಬೇರು ಕೊಳೆಯೋದು ಬೇಗ. ಅಡಿಯಲ್ಲೂ ಪಕ್ಕದಲ್ಲೂ ತೂತಿರುವ ಮಣ್ಣಿನ ಕುಂಡ ಒಳ್ಳೆಯದು.

ಗಿಡ ಅಲ್ಲಾಡದಂತೆ ಕಡ್ಡಿ ಕೊಟ್ಟು ಕಟ್ಟಿ. ಹೊಸ ಬೇರಿನ ತುದಿ ಬಲು ಮೆತ್ತಗೆ. ಗಾಳಿಗೆ ಗಿಡ ತೂಗಿದಾಗಲೆಲ್ಲ ಇದ್ದಿಲಿಗೆ ಉಜ್ಜಿ ತುದಿ ಸಾಯುತ್ತದೆ. ಎರಡು ತಿಂಗಳಾದರೂ ಬೇರು ಬಂದಿಲ್ಲ ಅನ್ನುವ ಗಿಡಗಳಲ್ಲಿ ಇದೂ ಒಂದು ಕಾರಣ.

ನೀರು, ಬೆಳಕು, ಗೊಬ್ಬರ

ಬೇರು ಕತ್ತರಿಸಿದ್ದರೆ ಕುಂಡ ಬದಲಿಸಿದ ಮೇಲೆ ಎರಡು ಮೂರು ದಿನ ನೀರು ಹಾಕಬೇಡಿ, ಗಾಯ ಒಣಗಲಿ. ಆಮೇಲೆ ಬೆಳಗ್ಗೆ ಹೊತ್ತು ಮಾತ್ರ ನೀರು. ದಿನಾ ಚೂರು ಚೂರು ಹಾಕುವ ಬದಲು ಒಮ್ಮೆ ಪೂರ್ತಿ ನೆನೆಸಿ, ಪೂರ್ತಿ ಸೋರಿಸಿ, ಮತ್ತೆ ಒಣಗುತ್ತಾ ಬಂದಾಗ ಹಾಕಿ.

ವಾರಕ್ಕೆ ಎಷ್ಟು ಸಲ ಅಂತ ಕೇಳುವವರೇ ಜಾಸ್ತಿ. ಅದಕ್ಕೆ ಒಂದೇ ಲೆಕ್ಕ ಇಲ್ಲ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೇ ಬೇಕಾಗಬಹುದು, ಜುಲೈ ಮಳೆಯಲ್ಲಿ ಹತ್ತು ದಿನ ಬೇಡದಿರಬಹುದು. ಬಿದಿರಿನ ಕಡ್ಡಿಯನ್ನು ಕುಂಡಕ್ಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಒದ್ದೆ ಕಂಡರೆ ಇನ್ನೊಂದು ದಿನ ತಡೆಯಿರಿ. ಬೋರ್‌ವೆಲ್ ನೀರು ಗಡಸಾಗಿದ್ದು ಕುಂಡದ ಮೇಲೆ ಬಿಳಿ ಪೊರೆ ಕಟ್ಟುತ್ತಿದ್ದರೆ ಹಿಡಿದಿಟ್ಟ ಮಳೆನೀರು ಉತ್ತಮ.

ಮೊದಲ ಎರಡು ವಾರ ಎಲ್ಲ ಜಾತಿಗೂ ಗಾಢ ನೆರಳು. ನಂತರ ಡೆಂಡ್ರೋಬಿಯಂ, ವಾಂಡಾಗಳನ್ನು ನಿಧಾನಕ್ಕೆ 50% ಶೇಡ್ ನೆಟ್ ಅಡಿಗೆ ತರಬಹುದು. ಫೆಲನಾಪ್ಸಿಸ್‌ಗೆ 75% ನೆರಳು ಬೇಕು. ಮಳೆಗಾಲದಲ್ಲಿ ಮಾತ್ರ ಯಾವುದನ್ನೂ ಬಯಲಿಗೆ ಬಿಡಬೇಡಿ.

ಗೊಬ್ಬರ ಹೊಸ ಬೇರು ಕಾಣುವ ತನಕ ಬೇಡ. ಕುಡಿಯಲು ಬೇರೇ ಇಲ್ಲದಾಗ ಹಾಕಿದ ಗೊಬ್ಬರದ ಉಪ್ಪು ಇರೋ ಬೇರನ್ನೂ ಸುಡುತ್ತದೆ. ಹಸಿರು ತುದಿ ಕಂಡ ಮೇಲೆ ನೀರಲ್ಲಿ ಕರಗುವ 19:19:19 ಗೊಬ್ಬರ ಲೀಟರ್‌ಗೆ ಅರ್ಧ ಗ್ರಾಂ, 15 ದಿನಕ್ಕೊಮ್ಮೆ ಸಾಕು. ಹಸಿ ಸಗಣಿ, ಹಿಂಡಿ ನೀರು ಬೇಡ.

ಅಡಿಕೆ ಬೆಳೆಗಾರರಿಗೆ ಒಂದು ಮಾತು. ಕೊಳೆ ರೋಗಕ್ಕೆ ಮಾಡಿದ ಬೋರ್ಡೋ ದ್ರಾವಣ ಉಳಿದಿದೆ ಅಂತ ಆರ್ಕಿಡ್‌ಗೆ ಹೊಡೆಯಬೇಡಿ. ಡೆಂಡ್ರೋಬಿಯಂ ಸೇರಿ ಕೆಲವು ಆರ್ಕಿಡ್‌ಗಳಿಗೆ ತಾಮ್ರ ಆಗಿಬರುವುದಿಲ್ಲ.

ಬೇರೇ ಇಲ್ಲದ ಗಿಡ ಉಳಿಯುತ್ತದಾ?

ಎಲೆ ಹಸಿರಿದ್ದು, ಬುಡ ಗಟ್ಟಿ ಇದ್ದರೆ ಒಂದು ಪ್ರಯತ್ನ ಮಾಡಬಹುದು. ತೊಳೆದು ಹಿಂಡಿದ ಪಾಚಿಯನ್ನು ಪಾರದರ್ಶಕ ಡಬ್ಬ ಅಥವಾ ಕವರ್‌ನ ತಳಕ್ಕೆ ಹಾಕಿ, ಗಿಡದ ಬುಡ ಪಾಚಿಗೆ ತಾಗಿಯೂ ತಾಗದಂತೆ ಇಡಿ. ಪಾಚಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಕವರ್ ಬಾಯಿ ಸಡಿಲ ಮುಚ್ಚಿ, ಬೆಳಕಿದ್ದರೂ ಬಿಸಿಲಿಲ್ಲದ ಕಡೆ ಇಡಿ. ಎರಡು ದಿನಕ್ಕೊಮ್ಮೆ ಬಿಚ್ಚಿ ಗಾಳಿ ಕೊಡಿ. ಒಳಗಿನ ತೇವ ಎಲೆ ಒಣಗದಂತೆ ಕಾಯುತ್ತದೆ, ಗಿಡ ತನ್ನಲ್ಲಿ ಉಳಿದ ಶಕ್ತಿಯಿಂದ ಬೇರು ಬಿಡುತ್ತದೆ. ತಿಂಗಳುಗಟ್ಟಲೆ ಹಿಡಿಯಬಹುದು.

ಇಂಥ ಗಿಡದಲ್ಲಿ ಹೂವಿನ ದಂಟು ಇದ್ದರೆ ಕತ್ತರಿಸಿ. ಮನಸ್ಸಿಗೆ ಬೇಜಾರಾದರೂ, ಹೂವಿಗೆ ಹೋಗುವ ಶಕ್ತಿ ಬೇರಿಗೆ ಬೇಕು.

ಅಂಗಡಿಯವರು ಗಮನಿಸಬೇಕಾದ್ದು

ಗಿಫ್ಟ್ ಅಂಗಡಿ, ಹೂವಿನ ಅಂಗಡಿಗಳಲ್ಲಿ ಈಗ ಆರ್ಕಿಡ್ ಕುಂಡ ಇಡುತ್ತಾರೆ. ಗಿರಾಕಿ ವಾಪಸ್ ಬಂದು ಜಗಳ ಆಡದಿರಲು ಕೆಲವು ವಿಷಯ ಗೊತ್ತಿರಬೇಕು.

1. ಬಾಳೆಗೊನೆ, ಮಾವು, ಸೇಬಿನ ಪಕ್ಕ ಇಡಬೇಡಿ. ಹಣ್ಣಾಗುವಾಗ ಹೊರಡುವ ಎಥಿಲಿನ್ ಅನಿಲಕ್ಕೆ ಮೊಗ್ಗು ಹಳದಿಯಾಗಿ ಉದುರುತ್ತದೆ.
2. ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಬಂದ ದಿನವೇ ತೆಗೆಯಿರಿ. ಮಾರುವಾಗ ಮತ್ತೆ ಸುತ್ತಿದರಾಯ್ತು.
3. ಅಂದದ ಹೊರ ಕುಂಡಕ್ಕೆ ತೂತಿರುವುದಿಲ್ಲ. ಅದರಲ್ಲಿ ನಿಂತ ನೀರನ್ನು ಚೆಲ್ಲಿ.
4. ಎಸಿ, ಟೇಬಲ್ ಫ್ಯಾನಿನ ಗಾಳಿ ಎದುರು ಬೇಡ. ಮಧ್ಯಾಹ್ನ ಬಿಸಿಲು ಬೀಳುವ ಗಾಜಿನ ಹಿಂದೆಯೂ ಬೇಡ.
5. ಕಡು ನೀಲಿ ಫೆಲನಾಪ್ಸಿಸ್ ಬಣ್ಣ ಹಾಕಿ ಮಾಡಿದ್ದು. ಮುಂದಿನ ಸಲ ಬಿಳಿ ಹೂವೇ ಬರುತ್ತದೆ. ಮಾರುವಾಗಲೇ ಹೇಳಿದರೆ ವ್ಯಾಪಾರಕ್ಕೆ ಮರ್ಯಾದೆ.

ಕಾಡಿನ ಸೀತಾಳೆ ಕಿತ್ತು ತಂದು ಮಾರುವವರಿಂದ ಕೊಳ್ಳಬೇಡಿ. ಅರಣ್ಯದಿಂದ ಅನುಮತಿ ಇಲ್ಲದೆ ತರುವುದು ಅಪರಾಧ. ಬೇರು ಹರಿದು ಕಿತ್ತ ಗಿಡ ಬದುಕುವುದೂ ಕಷ್ಟ. ಗಾಳಿಗೆ ಸ್ವಂತ ತೋಟದ ಕೊಂಬೆ ಮುರಿದು ಬಿದ್ದಿದ್ದರೆ, ಅದರ ಮೇಲಿನ ಗಿಡವನ್ನು ತೊಗಟೆ ಸಮೇತ ತೆಗೆದು ತೋಟದ ಇನ್ನೊಂದು ಮರಕ್ಕೆ ಕಟ್ಟಬಹುದು.

ಚೇತರಿಕೆ ಹೇಗೆ ಗೊತ್ತಾಗುತ್ತದೆ?

ಮೊದಲ ತಿಂಗಳು ಏನೂ ಆಗಿಲ್ಲ ಅನ್ನಿಸುತ್ತದೆ. ಕೆಳಗಿನ ಒಂದು ಹಳೇ ಎಲೆ ಹಳದಿಯಾಗಿ ಬಿದ್ದರೆ ಗಾಬರಿ ಬೇಡ, ಗಿಡ ಅದರ ಸತ್ವ ಹೀರಿಕೊಂಡು ಬಿಟ್ಟಿದೆ. ಮೇಲಿನ ಎಲೆಗಳು, ಅದರಲ್ಲೂ ಸುಳಿಯ ಎಲೆ ಹಳದಿಯಾದರೆ ಮಾತ್ರ ತೊಂದರೆ. ಎಲೆಯಲ್ಲಿ ನೀರು ತುಂಬಿದಂಥ ಕಲೆ ಕಂಡು ನಾರುತ್ತಿದ್ದರೆ ಅದು ಬೇಗ ಹರಡುವ ಕೊಳೆ. ಕಲೆಗಿಂತ ಎರಡು ಬೆರಳು ಒಳಗೆ, ಒಳ್ಳೆ ಭಾಗ ಸೇರಿಸಿ ಕತ್ತರಿಸಿ, ಗಿಡ ಒಣಗಿರಲು ಬಿಡಿ.

ಮೂರರಿಂದ ಆರು ವಾರದಲ್ಲಿ ಬುಡದಿಂದ ಹಸಿರು ಅಥವಾ ಕೆಂಪು ಮಿಶ್ರಿತ ಬೇರಿನ ತುದಿ ಹೊರಟರೆ ಗಿಡ ಗೆದ್ದಿದೆ ಎಂದೇ ಲೆಕ್ಕ. ಆಮೇಲೆ ಹೊಸ ಎಲೆ ಅಥವಾ ಹೊಸ ಚಿಗುರು. ಸುಕ್ಕಾದ ಹಳೇ ಎಲೆ ಪೂರ್ತಿ ಮೊದಲಿನಂತೆ ಆಗದೇ ಇರಬಹುದು, ನೋಡಬೇಕಾದ್ದು ಹೊಸ ಎಲೆಯನ್ನು. ಅದು ನೆಟ್ಟಗೆ, ಗಟ್ಟಿಯಾಗಿದ್ದರೆ ಸಾಕು. ಹೂವಿಗೆ ಒಂದು ವರ್ಷ ಕಾಯಬೇಕಾಗಬಹುದು.

ಎಸೆಯಬೇಕಾದ್ದು ಬುಡ, ಸುಳಿ ಎರಡೂ ಕಂದಾಗಿ ಮೆತ್ತಗಾದ ಗಿಡವನ್ನು ಮಾತ್ರ. ಡೆಂಡ್ರೋಬಿಯಂನ ಎಲೆಯೆಲ್ಲ ಉದುರಿ ದಂಟು ಬರಿದಾದರೂ, ದಂಟು ಗಟ್ಟಿ ಇರುವ ತನಕ ಗೆಣ್ಣಿನಿಂದ ಮರಿ ಒಡೆಯುವ ಸಾಧ್ಯತೆ ಇದ್ದೇ ಇರುತ್ತದೆ. ಸೂರಿನ ಅಡಿ ಒಂದು ಮೂಲೆ ಕೊಟ್ಟು ಎರಡು ಮೂರು ತಿಂಗಳು ಕಾಯುವುದಕ್ಕೆ ಖರ್ಚೇನೂ ಇಲ್ಲ.