ಲೈಂಗಿಕ ಒಲವು ಮತ್ತು ಉದ್ಯೋಗದಲ್ಲಿ ತಾರತಮ್ಯ: ಭಾರತದ ಕಾನೂನು

ಲೈಂಗಿಕ ಒಲವಿನ ಕಾರಣಕ್ಕೆ ಕೆಲಸ ನಿರಾಕರಿಸುವುದು, ಬಡ್ತಿ ತಪ್ಪಿಸುವುದು, ಕಿರುಕುಳ ಕೊಡುವುದು, ವಜಾ ಮಾಡುವುದು ಇವುಗಳ ವಿರುದ್ಧ ಭಾರತದಲ್ಲಿ ಸಿಗುವ ಕಾನೂನು ರಕ್ಷಣೆ ಇಲ್ಲಿನ ವಿಷಯ. ಇದಕ್ಕೆಂದೇ ಮಾಡಿದ ಕೇಂದ್ರ ಶಾಸನ ಇಲ್ಲ. ಇರುವ ರಕ್ಷಣೆಯೆಲ್ಲ ಮುಖ್ಯವಾಗಿ ಸಂವಿಧಾನದ 14, 15, 16 ಮತ್ತು 21ನೆಯ ವಿಧಿಗಳನ್ನು ನ್ಯಾಯಾಲಯಗಳು ಅರ್ಥೈಸಿದ ರೀತಿಯಿಂದ ಬಂದದ್ದು. ಹಾಗಾಗಿ ದೂರುದಾರರು ಮೊದಲು ನೋಡಬೇಕಾದದ್ದು ಸಂಬಳ ಕೊಡುವವರು ಯಾರು ಎಂಬುದನ್ನು. ಸರ್ಕಾರವೋ ಸರ್ಕಾರಿ ಸಂಸ್ಥೆಯೋ ಆದರೆ ಹೈಕೋರ್ಟಿಗೆ ನೇರವಾಗಿ ರಿಟ್ ಅರ್ಜಿ ಹಾಕಬಹುದು. ಖಾಸಗಿ ಕಂಪನಿಯಾದರೆ ದಾರಿ ಬಲು ಇಕ್ಕಟ್ಟು.

ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ, 1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಂ ಜಾರಿಯಲ್ಲಿದ್ದಷ್ಟು ಕಾಲ ಈ ಪ್ರಶ್ನೆ ಎತ್ತುವುದೇ ಕಷ್ಟವಿತ್ತು. ಸಲಿಂಗಿಯೆಂಬ ಕಾರಣಕ್ಕೆ ಕೆಲಸ ಹೋಯಿತೆಂದು ದೂರು ಕೊಟ್ಟವರು ತಾವೇ ಒಂದು ಅಪರಾಧವನ್ನು ಒಪ್ಪಿಕೊಂಡಂತೆ ಆಗುತ್ತಿತ್ತು. ನಾಜ್ ಫೌಂಡೇಶನ್ ಮೊಕದ್ದಮೆಯಲ್ಲಿ 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, 15ನೆಯ ವಿಧಿ ನಿಷೇಧಿಸುವ ಲಿಂಗಾಧಾರಿತ ತಾರತಮ್ಯದಲ್ಲಿ ಲೈಂಗಿಕ ಒಲವಿನ ತಾರತಮ್ಯವೂ ಸೇರಿದೆ ಎಂದಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿತು. ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಒಮ್ಮತದಿಂದ ತೀರ್ಪಿತ್ತಿತು. ಅದು ನೇರವಾಗಿ ಉದ್ಯೋಗದ ಮೊಕದ್ದಮೆ ಅಲ್ಲದಿದ್ದರೂ ಮುಂದಿನ ಉದ್ಯೋಗ ಪ್ರಕರಣಗಳೆಲ್ಲ ನಿಂತಿರುವುದು ಅದರ ಮೇಲೆಯೇ.

ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ರಾಮಚಂದ್ರ ಸಿರಾಸ್ ಅವರ ಪ್ರಕರಣ ಸುಪ್ರೀಂ ಕೋರ್ಟಿನ ಆ ಎರಡು ತೀರ್ಪುಗಳಿಗಿಂತ ಹಿಂದಿನದು. 2010ರ ಫೆಬ್ರವರಿಯಲ್ಲಿ ಹೊರಗಿನವರು ಅವರ ಮನೆಗೆ ನುಗ್ಗಿ, ಅವರು ಇನ್ನೊಬ್ಬ ಗಂಡಸಿನೊಂದಿಗೆ ಇದ್ದುದನ್ನು ಚಿತ್ರೀಕರಿಸಿದರು. ವಿಶ್ವವಿದ್ಯಾಲಯ ಅಮಾನತು ಮಾಡಿದ್ದು ಸಿರಾಸ್ ಅವರನ್ನು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ಕೊಟ್ಟಿತು. ಒಂದು ವಾರ ಕಳೆಯುವುದರೊಳಗೆ ಅವರು ತೀರಿಕೊಂಡರು. ಅವರು ಗೆದ್ದದ್ದು ಮಧ್ಯಂತರ ಆದೇಶವನ್ನು ಮಾತ್ರ. ಈ ವಿಷಯ ಚರ್ಚೆಗೆ ಬಂದಾಗ ಎಷ್ಟೋ ಕಾನೂನು ತತ್ತ್ವಗಳಿಗಿಂತ ಮೊದಲು ನೆನಪಾಗುವುದು ಈ ಪ್ರಕರಣ.

2018ರ ತೀರ್ಪಿನ ಫಲ ಕಂಡದ್ದು ಉತ್ತರ ಪ್ರದೇಶದ ಬುಲಂದ್‌ಶಹರಿನ ಒಬ್ಬ ಹೋಂಗಾರ್ಡ್ ವಿಷಯದಲ್ಲಿ. ಸಂಗಾತಿಯೊಂದಿಗಿದ್ದ ಅವರ ವಿಡಿಯೊ ಹರಿದಾಡಿದ ಮೇಲೆ 2019ರಲ್ಲಿ ಅವರನ್ನು ತೆಗೆದುಹಾಕಲಾಯಿತು. 2021ರ ಫೆಬ್ರವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ಈ ಆದೇಶ ನವತೇಜ್ ತೀರ್ಪಿಗೆ ವಿರುದ್ಧವಾಗಿದೆ ಎಂದು ಹೇಳಿ ಮರಳಿ ಕೆಲಸ ಕೊಡಿಸಿತು. ಸಶಸ್ತ್ರ ಪಡೆಗಳ ಲೆಕ್ಕ ಬೇರೆ. 33ನೆಯ ವಿಧಿಯ ಪ್ರಕಾರ ಸೈನಿಕರ ಮೂಲಭೂತ ಹಕ್ಕುಗಳನ್ನು ಸಂಸತ್ತು ಮಿತಿಗೊಳಿಸಬಹುದು. ಸಲಿಂಗ ಸಂಬಂಧಕ್ಕೆ ಸೇನೆಯಲ್ಲಿ ಅವಕಾಶವಿಲ್ಲವೆಂದು ಅಂದಿನ ಭೂಸೇನಾ ಮುಖ್ಯಸ್ಥ ಬಿಪಿನ್ ರಾವತ್ 2019ರ ಜನವರಿಯಲ್ಲಿ ಹೇಳಿದ್ದರು.

ಖಾಸಗಿ ವಲಯದಲ್ಲಿ ತೊಡಕು ಶುರುವಾಗುವುದು ವಿಧಿಗಳ ಮಾತಿನಲ್ಲೇ. ತಾರತಮ್ಯ ಮಾಡಬಾರದೆಂದು 15(1) ಮತ್ತು 16ನೆಯ ವಿಧಿಗಳು ಕಟ್ಟಿಹಾಕುವುದು ಪ್ರಭುತ್ವವನ್ನು; ಕಂಪನಿಯ ಮಾಲೀಕರು ಅದರಡಿ ಬರುವುದಿಲ್ಲ. ಕಾರ್ಮಿಕ ಕಾನೂನಿನ ಮೊರೆ ಹೋಗೋಣವೆಂದರೆ, ಅನ್ಯಾಯದ ವಜಾ ಪ್ರಶ್ನಿಸುವ ಹಕ್ಕು ಇರುವುದು ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ. ವ್ಯವಸ್ಥಾಪಕ ಹುದ್ದೆಯಲ್ಲಿರುವವರು ಆ ವ್ಯಾಖ್ಯೆಯ ಹೊರಗೆ. ಬೆಂಗಳೂರಿನ ಐಟಿ ಕಂಪನಿಯೊಂದರ ಮ್ಯಾನೇಜರಿಗೆ ಉಳಿಯುವುದು ನೇಮಕಾತಿ ಪತ್ರದ ಷರತ್ತುಗಳಷ್ಟೆ. ಅದಕ್ಕಿಂತ ದೊಡ್ಡ ಅಡ್ಡಿ ಪುರಾವೆಯದು. ನಿಜವಾದ ಕಾರಣವನ್ನು ವಜಾ ಪತ್ರದಲ್ಲಿ ಬರೆಯುವ ಮಾಲೀಕರು ಎಲ್ಲಿದ್ದಾರೆ? ‘ಕೆಲಸ ತೃಪ್ತಿಕರವಾಗಿಲ್ಲ’ ಎಂಬ ಒಂದು ಸಾಲು ಸಾಕಾಗುತ್ತದೆ. ಸಂದರ್ಶನದಲ್ಲೇ ಕೈಬಿಟ್ಟರಂತೂ ಅಭ್ಯರ್ಥಿಗೆ ವಿಷಯ ತಿಳಿಯುವುದೂ ಇಲ್ಲ.

ಲಿಂಗತ್ವ ಅಲ್ಪಸಂಖ್ಯಾತರ ಸ್ಥಿತಿ ಕಾಗದದ ಮೇಲಾದರೂ ಇದಕ್ಕಿಂತ ಗಟ್ಟಿ. ಅವರ ಹಕ್ಕುಗಳನ್ನು ಗುರುತಿಸಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪಿನ ನಂತರ ಅವರಿಗಾಗಿ ಬಂದ 2019ರ ಕಾಯ್ದೆ, ಖಾಸಗಿ ಸಂಸ್ಥೆಗಳೂ ನೇಮಕ ಮತ್ತು ಬಡ್ತಿಯಲ್ಲಿ ತಾರತಮ್ಯ ಮಾಡಬಾರದೆಂದು, ದೂರು ಆಲಿಸುವ ಅಧಿಕಾರಿಯನ್ನು ನೇಮಿಸಬೇಕೆಂದು ವಿಧಿಸಿತು. ಕರ್ನಾಟಕ ಸರ್ಕಾರ 2021ರಲ್ಲಿ, ‘ಸಂಗಮ’ ಸಂಸ್ಥೆ ಹೈಕೋರ್ಟಿನಲ್ಲಿ ಹೂಡಿದ್ದ ಅರ್ಜಿಯ ಹಿನ್ನೆಲೆಯಲ್ಲಿ, ನೇಮಕಾತಿ ನಿಯಮಗಳನ್ನು ತಿದ್ದಿ ಸರ್ಕಾರಿ ನೌಕರಿಯಲ್ಲಿ ಅವರಿಗೆ ಶೇಕಡಾ 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು. ಆದರೆ ಈ ಕಾಯ್ದೆ ಮತ್ತು ನಿಯಮಗಳು ಲಿಂಗತ್ವಕ್ಕೆ ಸಂಬಂಧಿಸಿದವು. ಸಲಿಂಗಿ ಗಂಡಸು ಅಥವಾ ಹೆಂಗಸು ತನ್ನ ಒಲವನ್ನಷ್ಟೇ ಮುಂದಿಟ್ಟು ಇವುಗಳ ಲಾಭ ಪಡೆಯಲಾಗದು.

ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಡಿ ದೂರು ಕೊಡಬಹುದಾದದ್ದು ಮಹಿಳೆಯರು ಮಾತ್ರ. ಆರೋಪಿಯೂ ಮಹಿಳೆಯೇ ಆಗಿದ್ದರೆ ದೂರು ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ 2020ರಲ್ಲಿ ಕಲ್ಕತ್ತಾ ಹೈಕೋರ್ಟ್ ನಿಲ್ಲುತ್ತದೆ ಎಂದು ಉತ್ತರಿಸಿತು. ಸಹೋದ್ಯೋಗಿಗಳ ಗೇಲಿಗೆ ಸಿಕ್ಕ ಸಲಿಂಗಿ ಗಂಡಸು ಆ ಕಾಯ್ದೆಯ ಸಮಿತಿಯ ಮುಂದೆ ಹೋಗುವಂತಿಲ್ಲ.

ಕೆಲಸ ಉಳಿದರೂ ಸವಲತ್ತುಗಳಲ್ಲಿ ಅಂತರ ಉಳಿಯುತ್ತದೆ. ಭವಿಷ್ಯ ನಿಧಿ ನಿಯಮಗಳ ‘ಕುಟುಂಬ’ದಲ್ಲಿ ಸಲಿಂಗ ಸಂಗಾತಿ ಇಲ್ಲ, ಆ ವ್ಯಾಖ್ಯೆಯೊಳಗಿನ ಬೇರೆ ಯಾರಾದರೂ ಇದ್ದರೆ ಹೊರಗಿನವರನ್ನು ನಾಮಿನಿ ಮಾಡಿದ್ದು ಊರ್ಜಿತವಾಗದು. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು 2023ರ ಅಕ್ಟೋಬರ್‌ನಲ್ಲಿ ಸುಪ್ರಿಯೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಪೀಠ ಒಪ್ಪದ ಕಾರಣ ಗಂಡ-ಹೆಂಡತಿ ಎಂಬ ದಾರಿಯೂ ತೆರೆಯಲಿಲ್ಲ. ಟಾಟಾ ಸ್ಟೀಲ್‌ನಂಥ ಕೆಲವು ಕಂಪನಿಗಳು ಸ್ವಂತ ನೀತಿಯಲ್ಲಿ ಸಂಗಾತಿಗಳಿಗೆ ಸವಲತ್ತು ಕೊಟ್ಟಿವೆ. ಆಡಳಿತ ಮಂಡಳಿ ಮನಸ್ಸು ಬದಲಿಸಿದರೆ ಅಂಥ ನೀತಿಯೂ ಬದಲಾಗಬಹುದು.

ಲೈಂಗಿಕ ಒಲವನ್ನು ಹೆಸರಿಸಿ, ಖಾಸಗಿ ಮಾಲೀಕರನ್ನೂ ಒಳಗೊಳ್ಳುವ ತಾರತಮ್ಯ ನಿಷೇಧ ವಿಧೇಯಕವೊಂದನ್ನು ಸಂಸದ ಶಶಿ ತರೂರ್ 2017ರಲ್ಲಿ ಲೋಕಸಭೆಯಲ್ಲಿ ಮಂಡಿಸಿದರು. 2019ರಲ್ಲಿ ಸದನದ ಅವಧಿ ಮುಗಿದಾಗ ಅದು ಬಿದ್ದುಹೋಯಿತು. ಸಚಿವರಲ್ಲದ ಸಂಸದರು ಮಂಡಿಸುವ ಇಂಥ ಖಾಸಗಿ ಸದಸ್ಯರ ವಿಧೇಯಕವೊಂದು ಸಂಸತ್ತಿನ ಅಂಗೀಕಾರ ಪಡೆದದ್ದು ಕೊನೆಯ ಬಾರಿಗೆ 1970ರಲ್ಲಿ.