ಮುಕ್ಕಾಲಿನ ಲೆಕ್ಕ: ಪುಲಿಗೆರೆ ಸೀಮೆಯಿಂದ ಬಿಡಿ ದರದ ಗಣಿತ

ಮುಕ್ಕಾಲು ಕಿಲೊ ಒಣಮೆಣಸಿನಕಾಯಿಗೆ 180 ರೂಪಾಯಿ. ಎರಡೂವರೆ ಕಿಲೊಗೆ ಎಷ್ಟು? ಶಿರಹಟ್ಟಿಯ ಸಂತೆಗೂ ಶಾಲೆಗೂ ಒಪ್ಪುವ ಪ್ರಶ್ನೆ ಇದು. ಶಾಲೆಯ ದಾರಿ ಮೊದಲು ಒಂದು ಕಿಲೊದ ದರ ಹುಡುಕುತ್ತದೆ, ಅಂದರೆ 180ನ್ನು 3/4ರಿಂದ ಭಾಗಿಸುತ್ತದೆ. ಭಾಗಿಸಿದರೆ ಸಂಖ್ಯೆ ಕಿರಿದಾಗಬೇಕು ಎಂದುಕೊಂಡ ಮಗು 240 ಬಂದಾಗ ಗಲಿಬಿಲಿಗೊಳ್ಳುತ್ತದೆ.

ಬಿಡಿಸುವ ಕೀಲಿ ಕನ್ನಡದ ಪದದಲ್ಲೇ ಇದೆ. ಮುಕ್ಕಾಲು ಎಂದರೆ ಮೂರು ಕಾಲು. ಮೂರು ಕಾಲಿಗೆ 180 ಆದರೆ ಒಂದು ಕಾಲಿಗೆ 60. ಎರಡೂವರೆಯಲ್ಲಿ ಹತ್ತು ಕಾಲು, ಬೆಲೆ 600. ಭಿನ್ನರಾಶಿ ತಲೆಯೇ ಹಾಕಲಿಲ್ಲ, ಏಕೆಂದರೆ ಇಲ್ಲಿ ಅಳತೆಯ ಮೂಲಮಾನ ಕಿಲೊ ಅಲ್ಲ, ಕಾಲು.

ಇದೇ ಲೆಕ್ಕಕ್ಕೆ ತ್ರೈರಾಶಿಕವೆಂಬ ಹಳೆಯ ಹೆಸರಿದೆ. ಗೊತ್ತಿರುವ ಅಳತೆ ಪ್ರಮಾಣ, ಅದರ ಬೆಲೆ ಫಲ, ಬೇಕಾದ ಅಳತೆ ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. 9ನೇ ಶತಮಾನದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಅವನು ಸ್ತುತಿಸಿದ ದೊರೆ ನೃಪತುಂಗ. ಅದೇ ದೊರೆಯ ಆಸ್ಥಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನೆಲೆಗಳಲ್ಲಿ ಪುಲಿಗೆರೆಯನ್ನು, ಅಂದರೆ ಶಿರಹಟ್ಟಿಯ ನೆರೆಯ ಲಕ್ಷ್ಮೇಶ್ವರವನ್ನು ಹೆಸರಿಸುತ್ತದೆ. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದು ಇಂಥ ಲೆಕ್ಕವನ್ನು ಕನ್ನಡಕ್ಕೇ ತಂದ. ಮಹಾವೀರ ಭಿನ್ನರಾಶಿಯ ಪ್ರಕರಣವನ್ನು ಕಲಾಸವರ್ಣ ಎನ್ನುತ್ತಾನೆ. ‘ಕಲೆ’ ಎಂದರೆ ಚಂದ್ರನ ಹದಿನಾರನೆಯ ಪಾಲು.

ಆ ಹದಿನಾರು ಅಂಗಡಿಯಲ್ಲೂ ಬಹುಕಾಲ ಬಾಳಿತು. ರೂಪಾಯಿಗೆ ಹದಿನಾರು ಆಣೆ, ಸೇರಿಗೆ ಹದಿನಾರು ಛಟಾಕು. ಸೇರಿಗೆ ಮೂರು ರೂಪಾಯಿ ಎಂದರೆ ಛಟಾಕಿಗೆ ಮೂರು ಆಣೆ; ಬರೆಯಲು ಹಲಗೆ ಬೇಕಿಲ್ಲ. ನಲವತ್ತು ಸೇರಿನ ಮಣಕ್ಕೆ ಎಷ್ಟು ರೂಪಾಯಿಯೋ, ಅಡೀಚ, ಅಂದರೆ ಎರಡೂವರೆ, ಸೇರಿಗೆ ಅಷ್ಟೇ ಆಣೆ. ಹಣವೂ ತೂಕವೂ ಒಂದೇ ಬಗೆಯಲ್ಲಿ ಒಡೆದಿದ್ದರಿಂದ ಬಂದ ಸುಲಭ ಇದು.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು, ಹಿಂದೆಯೇ ಮೆಟ್ರಿಕ್ ತೂಕ. ಹದಿನಾರು ಹೋಗಿ ನೂರು ನಿಂತಿತು: ಶೇಂಗಾ ಕ್ವಿಂಟಲಿಗೆ 6500 ರೂಪಾಯಿ ಎಂದರೆ ಕಿಲೊಗೆ 6500 ಪೈಸೆ, ಅಂದರೆ 65 ರೂಪಾಯಿ. ಉಪಾಯ ಹಳೆಯದೇ.

ಪೊಟ್ಟಣದ ಮುಂದೆ ಮಾತ್ರ ಅದು ಕೈಕೊಡುತ್ತದೆ. ಪೊಟ್ಟಣದ ಸರಕಿನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಂತೆ ಪೊಟ್ಟಣದ ಮೇಲೆ ಬಿಡಿ ದರ ಅಚ್ಚಾಗಬೇಕು: ಒಂದು ಕಿಲೊಗಿಂತ ಕಡಿಮೆಯಿದ್ದರೆ ಗ್ರಾಮಿಗೆ, ಹೆಚ್ಚಿದ್ದರೆ ಕಿಲೊಗೆ. 30 ರೂಪಾಯಿಯ 200 ಗ್ರಾಂ ಪೊಟ್ಟಣದ ಮೇಲೆ 15 ಪೈಸೆ, 210 ರೂಪಾಯಿಯ ಒಂದೂವರೆ ಕಿಲೊ ಚೀಲದ ಮೇಲೆ 140 ರೂಪಾಯಿ. ಯಾವುದು ಅಗ್ಗ ಎಂದು ತಿಳಿಯಲು 15 ಪೈಸೆಯನ್ನು ಸಾವಿರದಿಂದ ಗುಣಿಸಿ 150 ರೂಪಾಯಿ ಮಾಡಿಕೊಳ್ಳುವ ಕೆಲಸ ಕೊಳ್ಳುವವರ ಪಾಲಿಗೇ ಉಳಿದಿದೆ.